ಅರಿಶಿನ ಬಂದ ಮೇಲೆ

ಫೆಬ್ರವರಿ 16, 2025, ಭಾನುವಾರ

ಅಂತೂ ಮೀನು ಮನೆಗೆ ಬಂತು. ಇಪ್ಪತ್ತು ಲೀಟರಿನ ಬಕೆಟ್ಟು, ಮುಚ್ಚಳಕ್ಕೆ ತೂತು, ಬ್ಯಾಟರಿ ಹಾಕಿದ ಗಾಳಿ ಪಂಪು. ಕೋರಮಂಗಲದಿಂದ ವಿಜಯನಗರದವರೆಗೂ ಮಗಳು ಬಕೆಟ್ಟನ್ನು ಮೊಣಕಾಲ ನಡುವೆ ಹಿಡಿದು ಕೂತಿದ್ದಳು. ಕೊಟ್ಟವರು ಮುಂದಿನ ವಾರ ಊರು ಬಿಡುತ್ತಿದ್ದಾರೆ. ಅವರ ಕಲ್ಲು, ಪಂಪು, ದೀಪಗಳೆಲ್ಲ ಯಾರ್ಯಾರಿಗೋ ಹೋದವು. ಈ ಯೆಲ್ಲೋ ಟ್ಯಾಂಗನ್ನು ಮಾತ್ರ ಅವರಿಗೆ ಅಂಗಡಿಗೆ ಕೊಡಲು ಮನಸ್ಸಿರಲಿಲ್ಲ. ಆರು ವರ್ಷ ಸಾಕಿದ ಮೀನು. ಕಡಲಿನಲ್ಲಿ ಈ ಜಾತಿಗೆ ಮೂವತ್ತು ವರ್ಷಕ್ಕೂ ಮೀರಿದ ಆಯಸ್ಸು. ಅಂದರೆ ಇದಕ್ಕಿನ್ನೂ ಹುಡುಗಾಟದ ವಯಸ್ಸು.

ಇದರ ತವರು ಹವಾಯಿಯ ಕಡಲು. ಅಲ್ಲಿ ಅಕ್ವೇರಿಯಮ್ಮಿಗೆಂದು ಮೀನು ಹಿಡಿಯುವುದಕ್ಕೆ 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತಡೆ ಹಾಕಿತು. ಅದಕ್ಕೂ ಎರಡು ವರ್ಷ ಮೊದಲು ಅಲ್ಲಿಯದೇ ಓಷಿಯಾನಿಕ್ ಇನ್‌ಸ್ಟಿಟ್ಯೂಟಿನವರು ಮೊದಲ ಬಾರಿಗೆ ತೊಟ್ಟಿಯಲ್ಲೇ ಮೊಟ್ಟೆಯಿಂದ ಮರಿ ಬೆಳೆಸಿದ್ದರು. ಇಂಥ ಮೀನು ಒಂದು ಸತ್ತರೆ ಇನ್ನೊಂದು ತಂದರಾಯಿತು ಎನ್ನುವ ಮಾತೇ ನನಗೆ ಆಗದು.

ಆದರೂ ಬೇಡ ಎನ್ನಬೇಕಿತ್ತೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ನಮ್ಮ ಆರಡಿ ಟ್ಯಾಂಕಿನಲ್ಲಿ ಎರಡು ವರ್ಷದಿಂದ ಸ್ಕೋಪಸ್ ಟ್ಯಾಂಗ್ ಇದೆ. ಮನೆಯಲ್ಲಿ ಅದರ ಹೆಸರು ಕಂದು. ಎರಡೂ ಜೆಬ್ರಸೋಮ ಕುಲದವು. ಕಡಲಿನಲ್ಲಿ ಇವುಗಳ ವಾಸ ಕೂಡುವ ಕಡೆ ಒಂದಕ್ಕೊಂದು ಬೆರೆತ ಮರಿಗಳೂ ಇವೆ, ಅಷ್ಟು ಹತ್ತಿರದ ನೆಂಟಸ್ತಿಕೆ. ಅದೇ ಚಪ್ಪಟೆ ಮೈ, ಅದೇ ಮುಂಚಾಚಿದ ಮೂತಿ, ಅದೇ ಪಾಚಿಯ ಊಟ. ಆಕಾರ, ಕುಲ, ಆಹಾರ ಮೂರರಲ್ಲಿ ಒಂದು ಹೊಂದಿದರೂ ಜಗಳ ಕಾದಿದೆ ಎಂದೇ ಉಪ್ಪುನೀರಿನ ಮೀನು ಸಾಕುವವರ ಲೆಕ್ಕ. ಇಲ್ಲಿ ಮೂರೂ ಹೊಂದಿವೆ.

ಸ್ಟೋರ್ ರೂಮಿನಲ್ಲಿ ನೂರು ಲೀಟರಿನ ಕ್ವಾರಂಟೈನ್ ಟ್ಯಾಂಕು ಸಿದ್ಧವಿತ್ತು. ಮರಳಿಲ್ಲ, ಕಲ್ಲಿಲ್ಲ, ಅಡಗಲು ನಾಲ್ಕಿಂಚಿನ ಪಿವಿಸಿ ಬೆಂಡುಗಳು, ಜನವರಿಯಿಂದ ದೊಡ್ಡ ಟ್ಯಾಂಕಿನ ಸಂಪಿನಲ್ಲಿಟ್ಟು ಹದ ಮಾಡಿದ ಸ್ಪಂಜು ಫಿಲ್ಟರು. ಬಕೆಟ್ಟಿನ ಉಪ್ಪುನೀರಿನ ಸಾಂದ್ರತೆ 1.023, ನಮ್ಮದು 1.025. ಒಂದೂವರೆ ಗಂಟೆ ತೊಟ್ಟು ತೊಟ್ಟಾಗಿ ನೀರು ಬಿಟ್ಟು ಸರಿದೂಗಿಸಿದೆ. ಐದು ವಾರ ಇಲ್ಲೇ ಇರಲಿ. ಬೆದರಿದ ಮೀನಿಗೆ ಬಿಳಿಚುಕ್ಕೆ ರೋಗ ಬೇಗ ಅಂಟುತ್ತದೆ. ಜಗಳವೂ ರೋಗವೂ ಒಟ್ಟಿಗೆ ಬಂದರೆ ನನ್ನ ಕೈಯಲ್ಲಿ ಏನೂ ಉಳಿಯದು.

ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ಅರಿಶಿನ ಹಚ್ಚ್‌ದಾಂಗೆ ಇತ್ತಲೆ," ಎಂದಳು. ಹೆಸರು ನಿಂತಿತು.

ಫೆಬ್ರವರಿ 18, ಮಂಗಳವಾರ

ಅರಿಶಿನ ಇಂದು ನೋರಿ ತಿಂದಿತು, ಸುಶಿಗೆ ಸುತ್ತುವ ಅದೇ ಕಡಲಪಾಚಿಯ ಹಾಳೆ. ಮೊದಲು ಮೂತಿ ತಾಗಿಸಿ ಹಿಂದೆ ಸರಿಯಿತು, ಆಮೇಲೆ ಅಂಚಿನಿಂದ ಕಿತ್ತು ಕಿತ್ತು ತಿಂದಿತು. ನನಗೂ ಊಟ ರುಚಿಸಿತು.

ಮಾರ್ಚ್ 2, ಭಾನುವಾರ

ಟ್ಯಾಂಕಿನ ಹಿಂದೆ ಕಸ ಗುಡಿಸುವಾಗೆಲ್ಲ ಆ ಫೈರ್‌ಫಿಶ್ ಕಣ್ಣಿಗೆ ಬರುತ್ತದೆ. ಎರಡು ವರ್ಷದ ಹಿಂದಿನ ಮಾತು. ಬಿಳಿ ಮೈ, ಬಾಲದ ಕಡೆಗೆ ಕೆಂಡದ ಬಣ್ಣ, ಬೆನ್ನ ಮೇಲೆ ಉದ್ದನೆಯ ಕಡ್ಡಿಯಂಥ ರೆಕ್ಕೆ. ತಂದ ದಿನವೇ ಬಿಟ್ಟೆ, ಹಗಲಿನಲ್ಲೇ, ದೀಪ ಉರಿಯುತ್ತಿರುವಾಗಲೇ. ಮೂರನೇ ದಿನ ಕಾಣಲಿಲ್ಲ. ಕಲ್ಲಿನ ಸಂದಿನಲ್ಲಿರಬೇಕೆಂದು ಸುಮ್ಮನಾದೆ. ವಾರದ ಮೇಲೆ ಸ್ಟ್ಯಾಂಡಿನ ಹಿಂದೆ ಸಿಕ್ಕಿತು, ಒಣಗಿದ ಮಾವಿನೆಲೆಯಷ್ಟು ಹಗುರ. ಹಾರುವ ಜಾತಿ, ಹಾರಿತು ಎಂದರು ಎಲ್ಲರೂ. ಹಾರಿತು ನಿಜ, ಆದರೆ ಸುಮ್ಮನೆ ಹಾರಲಿಲ್ಲ. ಮೊದಲ ಎರಡೂ ದಿನ ನೀಲಿ ಡ್ಯಾಮ್ಸೆಲ್ ಅದನ್ನು ಮೂಲೆಯಿಂದ ಮೂಲೆಗೆ ಅಟ್ಟುತ್ತಿದ್ದುದನ್ನು ನಾನೇ ನೋಡಿದ್ದೆ. ನೋಡಿಯೂ ಎರಡು ದಿನದಲ್ಲಿ ಸರಿಹೋಗುತ್ತದೆ ಎಂದುಕೊಂಡಿದ್ದೆ. ಟ್ಯಾಂಕಿಗೆ ಬಲೆಯ ಮುಚ್ಚಳ ಬಂದದ್ದು ಅದರ ಮಾರನೆಯ ವಾರ.

ಆ ಡ್ಯಾಮ್ಸೆಲ್ ಎರಡಂಗುಲದ ಮೀನು. ಟ್ಯಾಂಕಿಗೆ ಮೊದಲು ಬಂದದ್ದೂ ಅದೇ. ಬ್ಯಾಕ್ಟೀರಿಯ ಬೆಳೆದು ಅಮೋನಿಯ ಅರಗಿಸುವ ತನಕ ಗಟ್ಟಿ ಮೀನೊಂದಿರಲಿ ಎಂದು ಅಂಗಡಿಯವರು ಕೊಟ್ಟಿದ್ದರು. ಗಟ್ಟಿ ಹೌದು. ಆದರೆ ಖಾಲಿ ಮನೆಗೆ ಮೊದಲು ಕಾಲಿಟ್ಟವರು ಮನೆಯಿಡೀ ತಮ್ಮದೆಂದುಕೊಳ್ಳುವುದು ಸಹಜ. ಮೊದಲು ಸೇರಬೇಕಾದವು ಸಾಧು ಮೀನುಗಳು: ಕಾರ್ಡಿನಲ್, ಫೈರ್‌ಫಿಶ್, ಗೋಬಿ. ಜೋರಿನವು ಕೊನೆಗೆ. ನಾನು ತಲೆಕೆಳಗು ಮಾಡಿದೆ, ಅದರ ಬೆಲೆ ಫೈರ್‌ಫಿಶ್ ತೆತ್ತಿತು. ಈ ಸಲ ಡ್ಯಾಮ್ಸೆಲ್ ಇರುವಾಗ ಅರಿಶಿನವನ್ನು ಬಿಡುವುದಿಲ್ಲ.

ರಾತ್ರಿ ಪ್ರಾಣಿಗಳ ನಡವಳಿಕೆಯ ವಿಜ್ಞಾನಿ ಕೊನ್ರಾಡ್ ಲೊರೆಂಜ್ ಅವರ ಪುಸ್ತಕ ತೆಗೆದೆ. 1963ರಲ್ಲಿ ಬಂದ, ಆಕ್ರಮಣಶೀಲತೆಯ ಮೇಲಿನ ಆ ಪುಸ್ತಕ ಶುರುವಾಗುವುದೇ ಹವಳದ ಮೀನುಗಳಿಂದ. ಪೋಸ್ಟರಿನಂತೆ ಕಣ್ಣು ಕುಕ್ಕುವ ಬಣ್ಣದ ಮೀನು ಬೇರೆ ಜಾತಿಯವನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ, ತನ್ನದೇ ಬಣ್ಣದ ಇನ್ನೊಂದನ್ನು ಕಂಡರೆ ಮೇಲೆ ಬೀಳುತ್ತದೆ. ಒಂದೇ ಊಟದವರು ಒಂದೇ ಕಡೆ ಗುಂಪಾಗದೆ ಹರಡಿಕೊಳ್ಳಲು ಅದು ದಾರಿ ಎಂದು ಅವರ ವಾದ. ಎಲ್ಲ ಬಣ್ಣಕ್ಕೂ ಅದೇ ಕಾರಣ ಎಂದು ನಾನು ಒಪ್ಪಲಾರೆ. ನಮ್ಮ ಡ್ಯಾಮ್ಸೆಲ್ ಬಣ್ಣ ನೋಡಿ ಅಟ್ಟುವುದಿಲ್ಲ, ಒಳಗೆ ತೂರಿದ ನನ್ನ ಕೈಯನ್ನೂ ಬಿಡುವುದಿಲ್ಲ. ಆದರೆ ಕಂದು ಮತ್ತು ಅರಿಶಿನದ ಮಟ್ಟಿಗೆ ಅವರ ಮಾತು ನೇರ ನನ್ನ ಹಾಲಿಗೇ ಬಂದು ಕೂತಿತು.

ಮಾರ್ಚ್ 15, ಶನಿವಾರ

ಡ್ಯಾಮ್ಸೆಲ್ ಸಿಕ್ಕಿತು! ಬಲೆ ಹಾಕಿ ಹಿಡಿಯಲು ಹೋದರೆ ಕಲ್ಲೆಲ್ಲ ಎತ್ತಬೇಕು. ಅದಕ್ಕೇ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ತಿರುಗಿಸಿ ಒಳಗೆ ತುರುಕಿ, ತಳದಲ್ಲಿ ಸಿಗಡಿ ಚೂರಿಟ್ಟು ಮರಳ ಮೇಲೆ ಮಲಗಿಸಿದೆ. ಅಮ್ಮ ನೋಡಿದ್ದೇ, "ಇದ್ ಕೂಣಿ ಅಲ್ದಾ!" ಎಂದಳು. ಘಟ್ಟದ ಬುಡದ ತೋಡಿಗೆ ಮಳೆಗಾಲದಲ್ಲಿ ಒಡ್ಡುವ ಬಿದಿರಿನ ಕೂಣಿಯೂ ಹೀಗೇ, ಒಳಗೆ ಹೋಗಲು ಬಾಯಿ ಅಗಲ, ಹೊರಗೆ ಬರಲು ದಾರಿ ಕಾಣದು. ಎರಡು ದಿನ ಅದು ಬಾಟಲಿಯನ್ನೇ ಅಟ್ಟಿತು. ಇಂದು ಹಸಿದು ಒಳಗೆ ಹೋಯಿತು.

ಸಂಜೆಯೇ ಅದನ್ನು ಡ್ಯಾಮ್ಸೆಲ್‌ಗಳನ್ನೇ ಸಾಕುವ ಪರಿಚಯದವರ ಟ್ಯಾಂಕಿಗೆ ಕೊಟ್ಟು ಬಂದೆ. ಬರುವಾಗ ಮನಸ್ಸು ಭಾರವಾಗಿತ್ತು. ಮೂರು ವರ್ಷ ಗಾಜಿನ ಆ ಮೂಲೆಯಲ್ಲಿ ನನ್ನನ್ನು ಎದುರುಗೊಂಡದ್ದು ಅದೇ.

ಮಾರ್ಚ್ 23, ಭಾನುವಾರ

ಐದು ವಾರ ಮುಗಿಯಿತು. ಚುಕ್ಕೆಯಿಲ್ಲ, ಹೊಟ್ಟೆ ತುಂಬಿಕೊಂಡಿದೆ, ಬಣ್ಣ ನಿಂಬೆಹಣ್ಣಿನದು. ನಾಮಫಲಕ ಮಾಡುವ ಅಂಗಡಿಯಲ್ಲಿ ಕತ್ತರಿಸಿಕೊಟ್ಟ ಅಕ್ರಿಲಿಕ್‌ನಿಂದ ಮನೆಯಲ್ಲೇ ಪೆಟ್ಟಿಗೆ ಅಂಟಿಸಿದ್ದೆವು. ಒಂದೂಕಾಲಡಿ ಉದ್ದ, ಎಂಟಂಗುಲ ಅಗಲ, ಸುತ್ತ ತೂತುಗಳು, ಒಂದು ಬದಿಗೆ ಮೇಲೆಳೆಯುವ ಬಾಗಿಲು. ನೀರು ಒಂದೇ, ವಾಸನೆ ಒಂದೇ, ನಡುವೆ ಕಣ್ಣಿಗೆ ಕಾಣದ ಗೋಡೆ. ಮಧ್ಯಾಹ್ನ ಅರಿಶಿನ ಅದರೊಳಗೆ ಸೇರಿತು.

ಕಂದು ಬಂದು ನಿಂತದ್ದನ್ನು ಬರೆದಿಡಬೇಕು. ಒಂದು ಕ್ಷಣ ಅಲುಗಲಿಲ್ಲ. ಆಮೇಲೆ ಬೆನ್ನಿನ ರೆಕ್ಕೆ, ಹೊಟ್ಟೆಯ ಕೆಳಗಿನ ರೆಕ್ಕೆ ಎರಡನ್ನೂ ಬಿಚ್ಚಿತು. ಅಂಗೈಯಷ್ಟಿದ್ದ ಮೀನು ಬಿಚ್ಚಿದ ಬೀಸಣಿಗೆಯಾಯಿತು. ಪೆಟ್ಟಿಗೆಯ ಗೋಡೆಗೆ ಸಮವಾಗಿ ಅಡ್ಡ ನಿಂತು, ತಲೆ ಆಚೆ ಮಾಡಿ ಬಾಲವನ್ನು ಅರಿಶಿನದ ಕಡೆ ಬೀಸಿತು. ಬಾಲದ ಬುಡದಲ್ಲಿ ಎರಡೂ ಕಡೆ ಸಣ್ಣ ಚೂರಿಯಂಥ ಮುಳ್ಳಿದೆ. ಸರ್ಜನ್ ಮೀನು ಎಂಬ ಹೆಸರು ಬಂದದ್ದೇ ಅದರಿಂದ. ಆ ಚೂರಿ ಅಕ್ರಿಲಿಕ್ಕಿಗೆ ತಾಗುವ ಸದ್ದು ಸೋಫಾದಲ್ಲಿ ಕೂತ ನನಗೆ ಕೇಳಿತು, ಟಿಕ್, ಟಿಕ್. ಹತ್ತು ನಿಮಿಷದಲ್ಲಿ ಮೂವತ್ತೊಂದು ಸಲ.

ಟ್ಯಾಂಕಿನಲ್ಲಿದ್ದ ಕ್ಲೌನ್ ಮೀನಿನ ಜೋಡಿಯ ಹೆಣ್ಣು ಒಮ್ಮೆ ಬಂದು ನೋಡಿ ತನ್ನ ಮೂಲೆಗೆ ಹೋಯಿತು. ಕಾರ್ಡಿನಲ್‌ಗಳು ತಿರುಗಿಯೂ ನೋಡಲಿಲ್ಲ.

ಮಾರ್ಚ್ 24, ಸೋಮವಾರ

"ಇಷ್ಟ್ ಚಂದದ್ ಮೀನಿಗೆ ಇಷ್ಟ್ ಸಿಟ್ಟ್ ಎಂತಕ್ಕೆ?" ಎಂದು ಅಮ್ಮ ಕೇಳಿದಳು. ಸಿಟ್ಟಲ್ಲಮ್ಮ, ಜಾಗ ಎಂದೆ. ಅವಳಿಗೆ ಅಷ್ಟು ಸಾಕಾಯಿತು. ಕುಂದಾಪುರದ ಮೀನು ಮಾರ್ಕೆಟ್ಟಿಗೆ ಮೊದಲ ದಿನ ಬುಟ್ಟಿ ಹೊತ್ತು ಹೋದದ್ದನ್ನು ಹೇಳಿದಳು. "ನಾನ್ ಕೂಕಂಡದ್ದೇ ಆಚಿಚಿ ಹೆಂಗ್ಸ್ರ್ ಬುಟ್ಟಿ ನೂಕಿರ್. ಎಂಟ್ ದಿನ ಬಾಗ್ಲ್ ಹತ್ರ ನಿಂತ್ಕಂಡೇ ಬಂಗುಡೆ ಮಾರ್ದೆ. ದಿನಾ ಕಂಡ್ ಕಂಡ್ ಅವ್ರಿಗೂ ಅಭ್ಯಾಸ ಆಯ್ತ್. ಕಡಿಗೆ ಅವ್ರೇ ಜಾಗ ಬಿಟ್ರ್." ಐವತ್ತು ವರ್ಷದ ಹಿಂದಿನ ಈ ಕಥೆ ನಾನು ಇದುವರೆಗೆ ಕೇಳಿರಲಿಲ್ಲ. ಎಂಟು ದಿನ ಎಂದಾಗ ಪೆಟ್ಟಿಗೆಯ ಕಡೆ ನೋಡಿದೆ. ನಾನೂ ಸುಮಾರು ಅಷ್ಟೇ ದಿನ ಎಂದುಕೊಂಡಿದ್ದೆ.

ನೇತ್ರಾಣಿ ದ್ವೀಪ ನೆನಪಾಯಿತು. 2019ರ ಡಿಸೆಂಬರಿನಲ್ಲಿ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ಮುಳುಗಿದ್ದೆ. ಬಂಡೆಯ ಮೇಲೆ ಪಟ್ಟೆ ಡ್ಯಾಮ್ಸೆಲ್ ಒಂದು ತನಗಿಂತ ಹತ್ತು ಪಟ್ಟು ದೊಡ್ಡ ಗಿಳಿಮೀನನ್ನು ಅಟ್ಟಿತು. ಎರಡು ಮಾರು ದೂರ, ಅಷ್ಟೇ. ಅಷ್ಟು ಹೋಗಿ ತಿರುಗಿ ತನ್ನ ಬಂಡೆಗೆ ಬಂತು. ಗಿಳಿಮೀನು ಮುಂದಿನ ಬಂಡೆಗೆ ಹೋಗಿ ಮೇಯತೊಡಗಿತು. ಯಾರ ಮೈಗೂ ಗಾಯವಿಲ್ಲ. ಕಡಲಿನಲ್ಲಿ ಅಟ್ಟುವುದೆಂದರೆ ಆಚೆ ಹೋಗು ಎಂದು ಹೇಳುವುದು, ಅಟ್ಟಿಸಿಕೊಂಡದ್ದು ಹೋಗುತ್ತದೆ, ಮಾತು ಮುಗಿಯಿತು. ನನ್ನ ಟ್ಯಾಂಕಿನಲ್ಲಿ ಒಂದು ಮಾರು ಹೋಗುವುದರೊಳಗೆ ಗಾಜು. ಅರಿಶಿನ ಹೋಗಲೊಪ್ಪಿದರೂ ಹೋಗಲಾರದು. ಅದು ಹೋಗಲಿಲ್ಲವೆಂದು ಕಂದು ಮತ್ತೆ ಅಟ್ಟುತ್ತದೆ. ಕಂದುವಿನ ಸ್ವಭಾವದಲ್ಲಿ ಕೆಟ್ಟದ್ದೇನೂ ಇಲ್ಲ. ಕೊರತೆ ಇರುವುದು ನಾನು ಕಟ್ಟಿದ ಆರಡಿಯಲ್ಲಿ. ಹಾಗಾಗಿ ಆಚೆ ಎನ್ನುವ ಜಾಗವನ್ನು ಈ ಆರಡಿಯೊಳಗೆ ಹುಟ್ಟಿಸಿಕೊಡುವುದು ನನ್ನ ಕೆಲಸ.

ಮಾರ್ಚ್ 28, ಶುಕ್ರವಾರ

ಟಿಕ್ ಸದ್ದು ಹತ್ತು ನಿಮಿಷಕ್ಕೆ ಒಂಬತ್ತು. ಪೆಟ್ಟಿಗೆಯ ಎರಡೂ ಬದಿಗೆ, ಒಳಗೊಂದು ಹೊರಗೊಂದು, ನೋರಿ ಸಿಕ್ಕಿಸುತ್ತಿದ್ದೇನೆ. ಎದುರುಬದುರು ತಿನ್ನುವಾಗ ಕಂದುವಿನ ರೆಕ್ಕೆ ಮಡಚಿರುತ್ತದೆ, ತಿಂದಾದ ಮೇಲೆ ಮತ್ತೆ ಬಿಚ್ಚುತ್ತದೆ. ಟ್ಯಾಂಕಿನ ಆಚೆ ತುದಿಗೆ ಹೊರಗಿನಿಂದ ಕನ್ನಡಿ ಆನಿಸಿ ಅರ್ಧ ಗಂಟೆ ನೋಡಿದೆವು. ಕಂದು ಅಲ್ಲಿ ಹೋಗಿ ತನ್ನ ಬಿಂಬದೊಡನೆ ಸೆಣಸಿತು, ಅಷ್ಟು ಹೊತ್ತು ಅರಿಶಿನಕ್ಕೆ ಬಿಡುವು. ಆದರೆ ಕನ್ನಡಿಯ ಮೀನು ಸೋಲುವುದೂ ಇಲ್ಲ, ಓಡುವುದೂ ಇಲ್ಲ. ಕಂದುವಿನ ಉಸಿರು ಏರುವುದನ್ನು ನೋಡಿ ತೆಗೆಸಿದೆ. ನನಗದು ಇಷ್ಟವಾಗಲಿಲ್ಲ.

ಮಾರ್ಚ್ 30, ಭಾನುವಾರ, ಯುಗಾದಿ

ಹೋಳಿಗೆ, ಬೇವುಬೆಲ್ಲ, ನೆಂಟರು. ಎಲ್ಲರೂ ಪೆಟ್ಟಿಗೆಯ ಮುಂದೆ ನಿಂತು ಯಾವಾಗ ಬಿಡುತ್ತೀರಿ ಎಂದು ಕೇಳಿದರು. ರಾತ್ರಿ ಒಂಬತ್ತೂವರೆಗೆ ಎಲ್ಲ ಮೀನುಗಳಿಗೂ ಹೊಟ್ಟೆ ತುಂಬ ಉಣಿಸಿ, ದೀಪ ಆರಿಸಿ, ಅರ್ಧ ಗಂಟೆ ಬಿಟ್ಟು ಬಾಗಿಲು ಎಳೆದೆ. ಅರಿಶಿನ ಮೆಲ್ಲಗೆ ಹೊರಬಂದು ಎಡಬದಿಯ ಕಲ್ಲಿನ ಕೆಳಗೆ ಸೇರಿತು.

ಮಾರ್ಚ್ 31, ಸೋಮವಾರ

ಬ್ಯಾಂಕಿನಲ್ಲಿ ವರ್ಷಾಂತ್ಯದ ಲೆಕ್ಕ. ಹನ್ನೊಂದಕ್ಕೆ ಮಗಳ ಫೋನು: "ಅಮ್ಮಾ, ಕಂದು ಅದನ್ನ ಬಿಡ್ತಾನೇ ಇಲ್ಲ." ದೀಪ ಆರಿಸು, ಬೆಡ್‌ಶೀಟು ಮುಚ್ಚು, ಎರಡು ತುದಿಗೂ ನೋರಿ ಹಾಕು ಎಂದೆ. ಹಾಕಿದಳು. ನಾನು ಮನೆ ಸೇರುವಾಗ ರಾತ್ರಿ ಹತ್ತೂವರೆ.

ಟಾರ್ಚಿಗೆ ಕೆಂಪು ಪೇಪರು ಕಟ್ಟಿ ನೋಡಿದೆ. ಅರಿಶಿನದ ಬಲಮೈಯಲ್ಲಿ ಕಿವಿರಿನ ಹಿಂದಿನಿಂದ ನಡುವಿನವರೆಗೆ ಬಿಳಿ ಗೀರು, ಸೂಜಿಯಲ್ಲಿ ಎಳೆದ ಹಾಗೆ. ಬಾಲದ ರೆಕ್ಕೆಯ ಮೇಲ್ತುದಿ ಹರಿದಿದೆ. ಕಲ್ಲಿನ ಕೆಳಗೆ ಅಲ್ಲ, ನೀರಿನ ಮೇಲ್ಪದರದಲ್ಲಿ ಪಂಪಿನ ಪೈಪಿಗೆ ಒತ್ತಿಕೊಂಡು ನಿಂತಿದೆ. ಸೋತ ಮೀನು ನಿಲ್ಲುವ ಜಾಗ ಅದು.

ತಪ್ಪು ನನ್ನದು. ಬಿಟ್ಟ ಮಾರನೆಯ ದಿನ ಮನೆಯಲ್ಲಿರಲೇಬೇಕಿತ್ತು. ಮಾರ್ಚ್ 31 ಎಂದು ಕ್ಯಾಲೆಂಡರಿನಲ್ಲಿ ಇಡೀ ವರ್ಷ ಬರೆದಿತ್ತು. ನೆಂಟರ ಮುಂದೆ ಆಗಲಿ ಎನ್ನುವ ಆಸೆಗೆ ಬಿಟ್ಟೆ. ಹತ್ತು ನಿಮಿಷಕ್ಕೆ ಒಂಬತ್ತು ಸಲ ಎಂದರೆ ಇನ್ನೂ ಒಂಬತ್ತು ಸಲ ಎಂದೇ ಅರ್ಥ.

ಏಪ್ರಿಲ್ 1, ಮಂಗಳವಾರ

ಬೆಳಗ್ಗೆ ಐದೂವರೆಗೆ ಎದ್ದೆ. ಗಾಯಗೊಂಡದ್ದನ್ನೇ ಮತ್ತೆ ಪೆಟ್ಟಿಗೆಗೆ ಹಾಕಿದರೆ ಟ್ಯಾಂಕು ಕಂದುವಿನದಾಗಿಯೇ ಉಳಿಯುತ್ತದೆ. ಹಿಡಿಯಬೇಕಾದದ್ದು ಕಂದುವನ್ನು. ಬಲೆಗೆ ಬಾಲದ ಚೂರಿ ಸಿಕ್ಕಿಕೊಂಡರೆ ಬಿಡಿಸುವಾಗ ಮೀನಿಗೂ ಗಾಯ, ಕೈಗೂ ಗಾಯ. ಪೆಟ್ಟಿಗೆಯ ಬಾಗಿಲಿಗೆ ದಾರ ಕಟ್ಟಿ ಎತ್ತಿ ಹಿಡಿದು, ಒಳಗೆ ಅದರ ದಿನದ ಕ್ಲಿಪ್ಪಿನಲ್ಲೇ ನೋರಿ ಸಿಕ್ಕಿಸಿ ಕಾದೆ. ಎರಡು ವರ್ಷದಿಂದ ಆ ಕ್ಲಿಪ್ಪು ಕಂಡಲ್ಲಿಗೆ ಬರುವ ಮೀನು. ಏಳು ನಿಮಿಷಕ್ಕೆ ನಂಬಿ ಒಳಗೆ ಬಂತು. ದಾರ ಬಿಟ್ಟೆ. ಬಾಗಿಲು ಬಿದ್ದಾಗ ಅದು ತಿರುಗಿ ನನ್ನ ಕಡೆ ನೋಡಿದಂತಾಯಿತು. ಕ್ಷಮಿಸು ಎಂದು ಬಾಯಿಬಿಟ್ಟೇ ಹೇಳಿದೆ.

ಏಪ್ರಿಲ್ 5, ಶನಿವಾರ

ಇಡೀ ಮಧ್ಯಾಹ್ನ ಕಲ್ಲು ಸರಿಸಿದೆವು, ಮನೆಯವರೂ ಜೊತೆಗೂಡಿದರು. ನಡುವಿನಲ್ಲಿ ಗೋಡೆಯಂತಿದ್ದ ಒಂದೇ ರಾಶಿಯನ್ನು ಮುರಿದು ಎರಡು ಗುಡ್ಡ ಮಾಡಿದೆವು. ಒಂದರಿಂದ ಇನ್ನೊಂದರ ಹಿಂಬದಿ ಕಾಣಬಾರದು, ಹೊಕ್ಕ ಸಂದಿಗೆ ಇನ್ನೊಂದು ಕಡೆಯಿಂದ ಹೊರಬೀಳುವ ದಾರಿ ಇರಬೇಕು. ಒಂದೇ ಬಾಯಿಯ ಗುಹೆಯಲ್ಲಿ ಅಟ್ಟಿಸಿಕೊಂಡ ಮೀನು ಸಿಕ್ಕಿಬೀಳುತ್ತದೆ. ನೋರಿಯ ಕ್ಲಿಪ್ಪು ಎರಡಾಯಿತು, ಎಡ ತುದಿಗೊಂದು ಬಲ ತುದಿಗೊಂದು. ಹೊಸದಾಗಿ ಬರುವವರಿಗಷ್ಟೇ ಅಲ್ಲ, ಇದ್ದವರಿಗೂ ಈಗ ಈ ಜಾಗ ಹೊಸದು.

ಅರಿಶಿನದ ಗೀರು ಕೂಡುತ್ತಿದೆ. ಬೆಳ್ಳುಳ್ಳಿ ರಸದಲ್ಲಿ ನೆನೆಸಿದ ಸಿಗಡಿ ಎಂದು ಏನೇನೋ ಹೇಳಿದರು. ನಾನು ಶುದ್ಧ ನೀರು ಮತ್ತು ಹೊಟ್ಟೆ ತುಂಬ ಊಟ ಬಿಟ್ಟು ಬೇರೇನೂ ಮಾಡಲಿಲ್ಲ. ಎರಡನೇ ದಿನವೇ ಪೈಪು ಬಿಟ್ಟು ಕೆಳಗಿಳಿಯಿತು. ಇಂದು ಹೊಸ ಗುಡ್ಡದ ಮೇಲೆ ಪಾಚಿ ಕಿತ್ತು ತಿನ್ನುತ್ತಿದೆ, ಕಲ್ಲಿಗೆ ತುಟಿ ತಾಗುವ ಚಟಚಟ ಕಾಣುತ್ತದೆ. ಪೆಟ್ಟಿಗೆಯೊಳಗಿನಿಂದ ಕಂದು ನೋಡುತ್ತಿದೆ.

ಏಪ್ರಿಲ್ 9, ಬುಧವಾರ

ರಜೆ ಹಾಕಿದೆ. ನಿನ್ನೆ ರಾತ್ರಿ ದೀಪ ಆರಿದ ಮೇಲೆ ಕಂದುವನ್ನು ಬಿಟ್ಟೆ, ಇಂದು ಬೆಳಗ್ಗೆಯಿಂದ ಕುರ್ಚಿ ಹಾಕಿಕೊಂಡು ಕೂತೆ. ಎಂಟು ಗಂಟೆಗೆ ಎದುರಾದವು. ಎರಡೂ ರೆಕ್ಕೆ ಬಿಚ್ಚಿದವು. ಈ ಸಲ ಅರಿಶಿನವೂ! ತಲೆಗೆ ಬಾಲ, ಬಾಲಕ್ಕೆ ತಲೆ ಮಾಡಿ ಸುತ್ತಿದವು, ಒಂದು ಸುತ್ತು, ಎರಡು, ಮೂರು. ನಾನು ಪೆಟ್ಟಿಗೆಯ ದಾರ ಕೈಯಲ್ಲಿ ಹಿಡಿದಿದ್ದೆ. ಕಂದು ಬಾಲ ಬೀಸಿತು, ಅರಿಶಿನ ಗುಡ್ಡದ ಹಿಂದೆ ಸರಿಯಿತು. ಕಂದು ಹಿಂದೆ ಹೋಗಲಿಲ್ಲ! ಕಣ್ಣಿಗೆ ಬೀಳದ ಮೇಲೆ ಅದಕ್ಕೆ ಅಷ್ಟೇ ಸಾಕಾಯಿತು. ಬಲ ತುದಿಯ ನೋರಿಗೆ ಹೋಯಿತು.

ಸಂಜೆಯವರೆಗೆ ಹತ್ತು ಹತ್ತು ನಿಮಿಷ ಎಣಿಸಿದೆ: ಆರು, ನಾಲ್ಕು, ಐದು, ಎರಡು. ಹೊಸ ಗೀರಿಲ್ಲ. ಅಮ್ಮ ಊಟಕ್ಕೆ ಕರೆದರೆ ತಟ್ಟೆಯನ್ನು ಇಲ್ಲಿಗೇ ತರಿಸಿಕೊಂಡೆ. ಅವಳೂ ಪಕ್ಕದಲ್ಲಿ ಕೂತಳು.

ಏಪ್ರಿಲ್ 20, ಭಾನುವಾರ

ಅಟ್ಟುವುದು ಪೂರ್ತಿ ನಿಂತಿಲ್ಲ. ಬೆಳಗ್ಗೆ ದೀಪ ಹತ್ತಿದ ಹೊಸದರಲ್ಲಿ ಒಂದೆರಡು ಸಲ, ನೋರಿ ಹಾಕಿದಾಗ ಒಮ್ಮೆ. ಎಡ ಗುಡ್ಡ ಅರಿಶಿನದ್ದು, ಬಲ ಗುಡ್ಡ ಕಂದುವಿನದ್ದು, ನಡುವಿನ ಮರಳು ಇಬ್ಬರದೂ. ಅರಿಶಿನದ ಬಾಲದ ರೆಕ್ಕೆ ಹರಿದಲ್ಲಿ ಗಾಜಿನಂಥ ಪೊರೆ ಬೆಳೆದಿದೆ, ಬಣ್ಣ ಇನ್ನೂ ತುಂಬಿಲ್ಲ. ಇನ್ನೂ ಮೂರು ತಿಂಗಳು ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕುವುದಿಲ್ಲ. ಮತ್ತೆ ಗೀರು ಕಂಡರೆ ಎರಡರಲ್ಲಿ ಒಂದಕ್ಕೆ ಇದಕ್ಕಿಂತ ದೊಡ್ಡ ಟ್ಯಾಂಕಿನ ಮನೆ ಹುಡುಕುತ್ತೇನೆ ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಮಗಳು ಒಪ್ಪಿದ್ದಾಳೆ, ಮುಖ ಸಣ್ಣದು ಮಾಡಿಕೊಂಡು.

ರಾತ್ರಿ ಹನ್ನೊಂದಕ್ಕೆ ಕೆಂಪು ಟಾರ್ಚು ಹಾಕಿ ಅಮ್ಮನಿಗೆ ತೋರಿಸಿದೆ. ರಾತ್ರಿಯಾದರೆ ಅರಿಶಿನದ ಹಳದಿ ಮಾಸುತ್ತದೆ, ಮೈ ನಡುವೆ ಬಿಳಿ ಪಟ್ಟೆ ಮೂಡುತ್ತದೆ. ಗುಡ್ಡದ ಸಂದಿನಲ್ಲಿ ಓರೆಯಾಗಿ ಒರಗಿತ್ತು. "ಅದ್ಕೆ ಹುಷಾರಿಲ್ಯಾ?" ಎಂದು ಅಮ್ಮ ಗಾಬರಿಯಾದಳು. ನಿದ್ದೆಯಮ್ಮ, ಬೆಳಗಾದರೆ ಬಣ್ಣ ಬರುತ್ತದೆ ಎಂದೆ. ಕಂದು ತನ್ನ ಗುಡ್ಡ ಬಿಟ್ಟು ಈ ಬದಿಯ ಕಲ್ಲಿನ ಇನ್ನೊಂದು ಸಂದಿನಲ್ಲಿತ್ತು, ನಡುವೆ ಒಂದು ಗೇಣು. ಎರಡರ ರೆಕ್ಕೆಗಳೂ ಮಡಚಿದ್ದವು.

ಎಡ ತುದಿಯ ಕ್ಲಿಪ್ಪಿನ ರಬ್ಬರು ಸಡಿಲವಾಗಿದೆ, ನಾಳೆ ಬದಲಿಸಬೇಕು.